ಒಂಟೆ ಏರಿದ ಅತ್ತೆವ್ವ

ಸವಣೂರು, ೧೬ ಜನವರಿ ೧೯೩೮

ನಿನ್ನೆಯಿಂದ ರೊಟ್ಟಿ ಬಡಿಯುವುದೇ ಕೆಲಸ. ಕಡಕ್ ಆಗುವವರೆಗೆ ಬೇಯಿಸು, ಆರಿಸು, ಅರಿವೆಯಲ್ಲಿ ಸುತ್ತಿ ಬುಟ್ಟಿಗಿಡು. ಶೇಂಗಾ ಹಿಂಡಿ ಮುಗಿಯಿತು. ಗುರೆಳ್ಳು ನಾಳೆ. ರಟ್ಟೆ ಬಿದ್ದುಹೋಗಿವೆ. ಆದರೂ ಎರಡು ಸಾಲು ಗೀಚದಿದ್ದರೆ ನನಗೆ ತಿಂದದ್ದು ಅರಗುವುದಿಲ್ಲ.

ಜೈಸಲಮೇರ! ಹೆಸರು ಹೇಳಿದರೆ ಸಾಕು, ಓಣಿಯ ಹೆಂಗಸರು ಬಾಯಿ ಬಿಡುತ್ತಾರೆ. ಶಿಗ್ಗಾವಿಯಲ್ಲಿ ಬಟ್ಟೆ ಅಂಗಡಿ ಇಟ್ಟ ಮಾರವಾಡಿ ಶೇಠಜಿಯ ಮೂಲ ಊರು ಅದು. ಮಗಳ ಮದುವೆಯನ್ನು ಅಲ್ಲಿಯೇ ಮಾಡುತ್ತಾರಂತೆ. ಮದುವೆಗೆ ನಮ್ಮ ತೋಟದ ವೀಳ್ಯದೆಲೆಯೇ ಬೇಕಂತೆ. ತರುವವರೂ ನಾವೇ ಆಗಬೇಕಂತೆ. ರೈಲು ಬಾಡಮೇರದವರೆಗೆ ಮಾತ್ರ. ಅಲ್ಲಿಂದ ಮುಂದೆ ಐದು ದಿನ ಒಂಟೆ. ಮರಳೋ ಮರಳು.

ಮೊದಲು ಇವರೊಬ್ಬರೇ ಹೊರಟಿದ್ದರು. (ಮಂದಿಯೆದುರು ಗಂಡನ ಹೆಸರು ಹೇಳಬಾರದು. ಇಲ್ಲಿ ಯಾರು ಕೇಳುತ್ತಾರೆ — ಉಳವಪ್ಪ, ಉಳವಪ್ಪ, ಉಳವಪ್ಪ!) ನಾನೂ ಬರ್ತೇನಿ ಅಂದೆ. ಮಗಳು ಸಿದ್ದಿಯೂ ಬರಲಿ ಅಂದೆ. ಅಲ್ಲಿಗೂ ಹ್ಞೂಂ ಅಂದರು. ಅತ್ತೆವ್ವನೂ ಬರಲಿ ಅಂದಾಗ ಮಾತ್ರ ಹೌಹಾರಿದರು.

“ಅವ್ವನ್ನ? ಒಂಟಿ ಮ್ಯಾಲೆ? ತಲಿಗಿಲಿ ಕೆಟ್ಟೈತೇನ ನಿನಗ?”

“ಹುಬ್ಬಳ್ಳಿ ದಾಟಿ ಏನ್ ನೋಡ್ಯಾರ್ರೀ ಅವರು? ಹುಟ್ಟಿದ್ದ ಹತ್ತಿಮತ್ತೂರು, ಬಂದದ್ದ ಸವಣೂರು. ಎಲಿ ಹೊಂದಿಸಿ ಹೊಂದಿಸಿ ಕೈ ಕರ್ರಗಾದ್ವು. ನಾ ಇದ್ದೇನಿ, ನೀವ್ ಸುಮ್ನಿರ್ರಿ.”

ಅತ್ತೆವ್ವ ಕೇಳಿದ್ದು ಒಂದೇ ಮಾತು. “ಅಲ್ಲೆ ನೀರಿಂದ ಹೆಂಗಬೇ, ಸರೋಜೀ?”

ಅವರಿಗೆ ಬೇರೆ ಯಾವ ಹಟವೂ ಇಲ್ಲ. ಇದೊಂದೇ. ಕೊರಳಲ್ಲಿರುವ ಲಿಂಗಕ್ಕೆ ನೀರೆರೆದು ಪೂಜೆ ಆಗದೆ ಬಾಯಿಗೆ ಹನಿ ಹಾಕುವವರಲ್ಲ. ಆ ನೀರಿಗೆ ತೊಗಲು ಸೋಕಿರಬಾರದು. ತೋಟದ ಬಾವಿಯಲ್ಲಿ ಎತ್ತುಗಳು ಎಳೆಯುವುದು ತೊಗಲಿನ ಬಾನಿಯನ್ನೇ. ಆ ನೀರು ಬಳ್ಳಿಗೆ ಆದೀತು, ಲಿಂಗಕ್ಕೂ ಬಾಯಿಗೂ ಆಗದು ಎನ್ನುತ್ತಾರೆ. ನಾನು ಎರಡು ತಾಮ್ರದ ಕೊಡ ತಿಕ್ಕಿ ಹೊರಗಿಟ್ಟೆ. ಮನೆಯ ಬಾವಿಯ ಹಗ್ಗವನ್ನೂ ಸುತ್ತಿಟ್ಟೆ. ಬಾವಿ ಕಂಡಲ್ಲಿ ನಾನೇ ಸೇದಿ ಕೊಡುತ್ತೇನೆ. ಅಷ್ಟೇ ತಾನೆ?

೧೮ ಜನವರಿ, ಯಲವಿಗಿ ಸ್ಟೇಷನ್ನು

ರೈಲು ಲೇಟು. ಹಾನಗಲ್ಲಿನಿಂದ ಅಪ್ಪ ಬಂದಿದ್ದರು, ಕಳಿಸಿಕೊಡಲು. ಗಂಟುಗಳ ಮೇಲೆ ಕುಳಿತ ಅತ್ತೆವ್ವನನ್ನು ನೋಡಿ ನನ್ನನ್ನು ಆಚೆ ಕರೆದರು. “ವಯಸ್ಸಾದವರವ್ವಾ. ಹುಷಾರು,” ಎಂದರು. ಹುಷಾರಿಲ್ಲದೆ ನಾನು ಯಾವ ಕೆಲಸ ಮಾಡಿದ್ದೇನೆ?

ಇವರ ಕಣ್ಣು ಎಲೆಯ ಬುಟ್ಟಿಗಳ ಮೇಲೆ. ಬಾಳೆಲೆ ಹಾಸಿ, ಎಲೆ ಹೊಂದಿಸಿ, ಗೋಣಿ ಹೊದಿಸಿ ಕಟ್ಟಿದ್ದಾರೆ. ದಿನಾ ಬೆಳಿಗ್ಗೆ ನೀರು ಚಿಮುಕಿಸಬೇಕು. ತಪ್ಪಿದರೆ ಎಲೆ ಕಪ್ಪಾಗುತ್ತದೆ. ಮುಖ ತೊಳೆಯುವ ಮೊದಲೇ ಇವರ ಕೈ ಬುಟ್ಟಿಗೆ ಹೋಗುತ್ತದೆ. ಮದುವೆಯಾಗಿ ಹತ್ತು ವರ್ಷ ನೋಡಿದ್ದೇನೆ, ನನ್ನ ಮುಖವನ್ನು ಅಷ್ಟು ಅಕ್ಕರೆಯಿಂದ ನೋಡಿದ್ದಿಲ್ಲ.

೨೩ ಜನವರಿ, ಬಾಡಮೇರ

ಬರೆಯಲು ಆಗಿಲ್ಲ. ಪುಣೆ, ಮುಂಬಯಿ, ಅಹಮದಾಬಾದ, ಆಮೇಲೆ ಹೆಸರು ಬಾಯಿಗೆ ಹೊರಳದ ಸ್ಟೇಷನ್ನುಗಳು. ಮೈಯೆಲ್ಲ ಇದ್ದಿಲ ಪುಡಿ. ಸ್ಟೇಷನ್ನು ಬಂದಲ್ಲೆಲ್ಲ ನಾನು ಇಳಿದು ನಳದ ಕೆಳಗೆ ಕೊಡ ಹಿಡಿದೆ. ಅತ್ತೆವ್ವನ ಪೂಜೆ ಒಂದು ಹೊತ್ತೂ ತಪ್ಪಿಲ್ಲ. ಸಿದ್ದಿಗೂ ಹೋದ ಶ್ರಾವಣದಲ್ಲಿ ದೀಕ್ಷೆ ಆಗಿದೆ. ಅಜ್ಜಿ ಅವಳಿಗೆ ಆಯಿ. ಆಯಿಯ ಮಗ್ಗುಲಲ್ಲಿ ಕುಳಿತು, ಪುಟ್ಟ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು, ಆಯಿ ಮಾಡಿದ್ದನ್ನೆಲ್ಲ ಮಾಡುತ್ತಾಳೆ. ಆಯಿ ಕೆಮ್ಮಿದರೆ ಇವಳೂ ಕೆಮ್ಮುತ್ತಾಳೆ!

ಶೇಠಜಿ ಒಂಟೆ ಕಳಿಸಿದ್ದಾರೆ. ಒಂಟೆಯವನ ಹೆಸರು ದಿಲಾವರ. ನನ್ನ ಸವಣೂರಿನ ಉರ್ದು ಅವನಿಗೆ ಅರ್ಧ ತಿಳಿಯುತ್ತದೆ, ಅವನ ಮಾತು ನನಗೆ ಕಾಲುಭಾಗ. ಒಂಟೆಯ ಪಕ್ಕಕ್ಕೆ ನನ್ನ ಕೊಡಗಳನ್ನು ಕಟ್ಟು ಅಂದೆ. ಬ್ಯಾಡ, ಬಡಿದಾಡುತ್ತವೆ, ಒಂಟೆಗೆ ಸಿಟ್ಟು ಬರುತ್ತದೆ ಎಂದು ಗೊಣಗಿದ. ನನಗೂ ಸಿಟ್ಟು ಬರುತ್ತದೆ ಅಂದೆ. ಕಟ್ಟಿದ.

ಅವನ ನೀರು ತೊಗಲಿನ ಪಖಾಲಿಯಲ್ಲಿದೆ. ಆಡಿನ ತೊಗಲು, ಕಾಲುಗಳ ಆಕಾರ ಕೂಡ ಹಾಗೇ ಉಳಿದಿದೆ. ಅತ್ತೆವ್ವ ಒಮ್ಮೆ ನೋಡಿ ಮುಖ ತಿರುಗಿಸಿದರು.

೨೪ ಜನವರಿ, ಸಂಜೆ

ಒಂಟೆ ಏಳುವಾಗ ನಾನು ಚೀರಿದೆ. ಬರೆಯಬಾರದೆಂದಿದ್ದೆ, ಆದರೆ ಚೀರಿದ್ದು ನಿಜ. ಮೊದಲು ಹಿಂದಿನ ಕಾಲು ಎತ್ತುತ್ತದೆ ಹಾಳಾದ್ದು. ಮುಂದಕ್ಕೆ ಮುಗ್ಗರಿಸಿ ಬೀಳಬೇಕು, ಅಷ್ಟರಲ್ಲಿ ಹಿಂದಕ್ಕೆ ತಳ್ಳುತ್ತದೆ. ಇವರು ಬುಟ್ಟಿ ತಬ್ಬಿಕೊಂಡು ಕಣ್ಣು ಮುಚ್ಚಿದ್ದರು.

ಅತ್ತೆವ್ವ? ಸಿದ್ದಿಯನ್ನು ಮುಂದೆ ಕೂರಿಸಿಕೊಂಡು, ಸೀರೆಯ ಸೆರಗು ಬಿಗಿದು, ನೆಟ್ಟಗೆ. “ಚಕ್ಕಡಿಕಿಂತ ಚಲೋ ಐತಿ. ಕುಲಕಾಡೂದು ಕಡಿಮಿ,” ಎಂದರು. ಮಧ್ಯಾಹ್ನದ ಹೊತ್ತಿಗೆ ಒಂಟೆಯ ಕುತ್ತಿಗೆ ತಟ್ಟಿ ಮಾತಾಡಿಸುತ್ತಿದ್ದರು. ಇಷ್ಟು ನಗು ಅವರ ಮುಖದಲ್ಲಿ ಮಾವನವರು ತೀರಿದ ಮೇಲೆ ನಾನು ಕಂಡಿರಲಿಲ್ಲ. ಕರೆತಂದದ್ದು ಸಾರ್ಥಕ. ಇವರಿಗೆ ನಾಲ್ಕು ಸಲ ಹೇಳಿ ತೋರಿಸಿದೆ.

ಮರಳು ನಾನಂದುಕೊಂಡಂತಿಲ್ಲ. ಎಲ್ಲ ಕಡೆ ದಿನ್ನೆಗಳಿಲ್ಲ. ಕಲ್ಲು ನೆಲ, ಮುಳ್ಳು ಗಿಡ, ನಡುವೆ ಒಮ್ಮೆಲೆ ಮರಳಿನ ಗುಡ್ಡ. ಗಾಳಿ ಬೀಸಿದಂತೆ ಗುಡ್ಡದ ಮೈಮೇಲೆ ಗೆರೆ. ಸಿದ್ದಿ ಮೇಲೆ ಹತ್ತಿ ಉರುಳಿಕೊಂಡು ಬಂದಳು, ಆಮೇಲೆ ಇವರೂ ಉರುಳಿದರು. ಧೋತರದ ತುಂಬ ಮರಳು. ಅತ್ತೆವ್ವ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ಒಂದು ಕೊಡದಲ್ಲಿ ಅರ್ಧ ನೀರು ಚೆಲ್ಲಿಹೋಗಿದೆ. ಬಾಯಿಗೆ ಕಟ್ಟಿದ ಅರಿವೆಯಿಂದ ಜಿನುಗುತ್ತದೆ. ನಾಳೆ ಬಾವಿ ಸಿಗುತ್ತದಂತೆ. ತುಂಬಿಕೊಂಡರಾಯಿತು.

೨೫ ಜನವರಿ, ಹೊತ್ತು ಮುಳುಗುವಾಗ

ಬಾವಿ ಸಿಕ್ಕಿತು. ನಮ್ಮ ಹಗ್ಗ ಬಿಟ್ಟೆ. ಬಿಟ್ಟೆ… ಬಿಟ್ಟೆ… ಹಗ್ಗ ಮುಗಿಯಿತು, ಕೊಡ ಗಾಳಿಯಲ್ಲೇ ತೂಗಾಡಿತು. ಸೀರೆ ಗಂಟು ಹಾಕಿದೆ. ಇನ್ನೊಂದು ಸೀರೆ. ಇವರ ಧೋತರ. ನೀರಿನ ಸಪ್ಪಳವೇ ಇಲ್ಲ. ಸುತ್ತ ನೆರೆದ ಹೆಂಗಸರು ಮುಖ ಮುಚ್ಚಿದ ಘೂಂಘಟದೊಳಗೆ ನಗುತ್ತಿದ್ದರು. ಅವರ ಬಾವಿಗೆ ಒಂಟೆ ಕಟ್ಟಿ ಎಳೆಯಬೇಕು. ಒಂಟೆ ಅಷ್ಟು ದೂರ ನಡೆದು ಹೋದ ಮೇಲೆ ಒಂದು ಬಾನಿ ಮೇಲೆ ಬರುತ್ತದೆ. ಬಾನಿ ತೊಗಲಿನದು, ಹಗ್ಗವೂ ತೊಗಲಿನದೇ.

ಮುಂದಿನ ಬಾವಿ? ಅದೂ ಹೀಗೆ. ಅದರ ಮುಂದಿನದು? ಎಲ್ಲವೂ ಹೀಗೇ, ಜೈಸಲಮೇರದ ಕೆರೆಯವರೆಗೆ, ಎಂದ ದಿಲಾವರ.

ಸವಣೂರಿನ ಬಾವಿಯನ್ನೇ ಎಲ್ಲ ಕಡೆ ತೋಡಿಟ್ಟಿದ್ದಾರೆಂದು ತಿಳಿದಿದ್ದೆನಲ್ಲ! ಇರಲಿ. ಸೋತು ಕೂರುವವಳಲ್ಲ ನಾನು. ಎರಡೂ ಕೊಡದಲ್ಲಿ ಉಳಿದದ್ದನ್ನು ಒಂದಕ್ಕೇ ಸುರಿದೆ. ಅದು ಅತ್ತೆವ್ವನಿಗೆ ಮಾತ್ರ. ಅವರ ಪೂಜೆ, ಅವರ ಬಾಯಿ. ಬಿಗಿಹಿಡಿದು ಬಳಸಿದರೆ ಮುಟ್ಟುತ್ತದೆ. ನಾವು ಮೂವರೂ ಪಖಾಲಿಯ ನೀರು ಕುಡಿದೆವು. ಉಪ್ಪುಪ್ಪು. ತೊಗಲಿನ ವಾಸನೆ. ಸತ್ತೇನೂ ಹೋಗಲಿಲ್ಲ.

೨೬ ಜನವರಿ, ಬೆಳಿಗ್ಗೆ

ಅಕ್ಷರ ಒತ್ತಿ ಒತ್ತಿ ಬೀಳುತ್ತಿವೆ. ಸಿಟ್ಟಿಗೆ.

ಪೂಜೆಗೆ ನೀರು ಬಗ್ಗಿಸಲು ಹೋದೆ. ಕೊಡ ಹಗುರ. ತಲೆಕೆಳಗು ಮಾಡಿದರೆ ನಾಲ್ಕು ಹನಿ. ತಿರುಗಿ ನೋಡಿದರೆ ಇವರು ಬುಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದಾರೆ, ಎಲೆಗಳು ತಳತಳ ಹೊಳೆಯುತ್ತಿವೆ.

“ನೀರೆಲ್ರೀ?”

“ಎಲಿಗೆ ಹೊಡದೆ.”

“ಎಲಿಗೆ?”

“ದಿನಾ ಹೊಡೀತೇನಲ್ಲ…” ಎಂದವರು ಅಲ್ಲಿಗೇ ನಿಂತರು. ಕೊಡ ನೋಡಿದರು. ತಮ್ಮ ಕೈ ನೋಡಿಕೊಂಡರು. ಮುಖ ಬಿಳುಪೇರಿತು. “ಅಯ್ಯ ಶಿವನ… ಕೈ ತಾನ ಹೋತಬೇ. ಖರೇನ ನನಗ ಗೊತ್ತಾಗಲಿಲ್ಲ.”

ಮೂರು ಬುಟ್ಟಿಗೂ ಚಿಮುಕಿಸಿದ್ದಾರೆ. ನಿನ್ನೆ, ಮೊನ್ನೆ ಬೆಳಿಗ್ಗೆಯೂ ಇದೇ ಕೊಡದಿಂದ ಮಾಡಿದ್ದರಂತೆ. ನಾನು ಚೆಲ್ಲಿಹೋಯಿತು ಅಂದುಕೊಂಡಿದ್ದೆ! ಬುಟ್ಟಿ ಎತ್ತಿ ಮರಳಿಗೆ ಬಿಸಾಡಬೇಕೆನ್ನಿಸಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ದಿಲಾವರ ಒಂಟೆಯ ಹಿಂದೆ ಹೋಗಿ ನಿಂತ.

ಅತ್ತೆವ್ವ ನಕ್ಕುಬಿಟ್ಟರು. “ಬಿಡ ಬೇ, ಬೈಬ್ಯಾಡ. ಅವರಪ್ಪಂದೂ ಇದ ಹಣೇಬಾರ. ನನಗ ಬ್ಯಾನಿ ಬರಾಕತ್ತಾಗ ಸೂಲಗಿತ್ತೀನ ಕರೀರೆಂದ್ರ, ಎಲಿಗೆ ನೀರ ಹೊಡದ್ ಬರ್ತೇನಿ ತಡಿ ಅಂದಿದ್ರು.”

“ನಗೂ ಮಾತಲ್ರೀ ಯವ್ವಾ. ಇವತ್ತ ಏನ್ ಮಾಡ್ತೀರಿ? ನಾಳೆ ಏನ್ ಮಾಡ್ತೀರಿ?”

“ಶಿವರಾತ್ರಿ ಮುಂಚೇಕ ಬಂತಂತ ತಿಳಕೋತೇನಿ.”

೨೬, ಸಂಜೆ

ಏನು ಹೇಳಿದರೂ ಒಪ್ಪಲಿಲ್ಲ. ದಿಲಾವರ ಒಂಟೆಯ ಹಾಲು ಕರೆದು ಕೊಟ್ಟ. ಛೀ ಅಂದರು. ನೀರನ್ನೂ ಅವನು ಮುಟ್ಟಿದ್ದಕ್ಕೇ ಬೇಡ ಅನ್ನುತ್ತೀರಾ ಎಂದು ಕೇಳಿದೆ, ಕಡ್ಡಿ ಮುರಿದಂತೆ.

“ಅವನ ಕೈ ಅಲ್ಲಬೇ. ತೊಗಲು. ನನ್ನ ಲಿಂಗಪ್ಪನ ಮೈಮ್ಯಾಲೆ ಸತ್ತದ್ದರ ತೊಗಲಿನ ನೀರು ನಾ ಹೆಂಗ ಹಾಕಲಿ? ಅವಗ ನೀರಿಲ್ಲದ ನಾ ಹೆಂಗ ಕುಡೀಲಿ?”

ಇಡೀ ದಿನ ಹನಿ ಇಲ್ಲ. ಒಂಟೆಯ ಮೇಲೆ ನೆಟ್ಟಗೇ ಕುಳಿತರು. ಆದರೆ ಒಂಟೆಯ ಜೊತೆ ಮಾತು ನಿಂತಿದೆ.

ಇನ್ನೊಂದು ಸಂಕಟ. ಸಿದ್ದಿ ಮಧ್ಯಾಹ್ನ ರೊಟ್ಟಿ ತಿಂದು ಪಖಾಲಿಯ ನೀರು ಕುಡಿದಳು, ಆಟವಾಡಿದಳು. ಸಂಜೆ ಆಯಿಯನ್ನು ದಿಟ್ಟಿಸಿ ನೋಡುತ್ತ ನೋಡುತ್ತ ಒಮ್ಮೆಲೆ ಅಳತೊಡಗಿದಳು.

“ಆಯಿ ಇವತ್ತ ಪೂಜಾ ಮಾಡಿಲ್ಲ. ನಾನೂ ಮಾಡಿಲ್ಲ. ಆಯಿ ಉಂಡಿಲ್ಲ… ನಾ ಉಂಡೆ! ನಾ ನೀರ ಕುಡದೆ!”

ದೊಡ್ಡ ಪಾಪ ಮಾಡಿದವಳ ಹಾಗೆ. ರಮಿಸಿದೆ. ಗದರಿದೆ. ಬಾಯಿ ಬಿಗಿಹಿಡಿದು ಕುಳಿತಳು. ಹಟ ನನ್ನದೇ, ಎಲ್ಲಿಗೆ ಹೋಗುತ್ತದೆ.

೨೭ ಜನವರಿ, ಮಧ್ಯಾಹ್ನ ಕಳೆದು

ಬರೆಯಬೇಕು, ಬರೆದರೆ ಎದೆ ಹಗುರವಾದೀತು.

ಬೆಳಿಗ್ಗೆ ಸಿದ್ದಿ ಏಳಲಿಲ್ಲ. ಎಬ್ಬಿಸಿದರೆ ತಲೆ ಹೆಗಲಿಗೆ ಬಿತ್ತು. ಮೈ ಬೆಚ್ಚಗೆ. ತುಟಿ ಒಡೆದು ರಕ್ತ. ಲೋಟ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿಕೊಂಡಳು. ಮೂಗು ಹಿಡಿದು ಸುರಿದೆ, ಉಗುಳಿದಳು. “ಆಯಿ ಕುಡೀಲಿಲ್ಲಂದ್ರ ನಾನೂ ಒಲ್ಲೆ.” ದನಿಯೇ ಇಲ್ಲ, ಬರೀ ಗಾಳಿ. ಎಂಟು ವರ್ಷದ ಕೂಸು.

ಮಧ್ಯಾಹ್ನ ಒಂದು ಗಿಡದ ನೆರಳಿಗೆ ನಿಂತೆವು. ಇವರು ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ತಮ್ಮ ರುಮಾಲಿನಿಂದ ಗಾಳಿ ಹಾಕುತ್ತಿದ್ದರು. ನಿನ್ನೆಯಿಂದ ಎಲೆಯ ಬುಟ್ಟಿಯತ್ತ ಹೊರಳಿಯೂ ನೋಡಿಲ್ಲ. ನಾನು ಅತ್ತೆವ್ವನ ಮುಂದೆ ಹೋಗಿ ನಿಂತೆ. ಹತ್ತು ವರ್ಷದಲ್ಲಿ ಅವರಿಗೆ ಒಂದು ಸಲ ಎದುರಾಡಿದವಳಲ್ಲ.

“ನಿಮ್ಮ ಪೂಜಾ ನನ್ನ ಮಗಳನ್ನ ತಿನ್ನಾಕತ್ತೈತಿ!” ಅಂದೆ. ಚೀರಿದೆ. “ಕರಕೊಂಡ ಬಂದಾಕಿ ನಾನು. ಬೇಕಾದ್ರ ಕಾಲಾಗಿಂದ ಬಿಚ್ಚಿ ನನಗ ಹೊಡೀರಿ. ಊರಿಗೆ ಹೋದ ಮ್ಯಾಲೆ ಮನಿಯಿಂದ ಹೊರಗ ಹಾಕ್ರಿ. ಆದ್ರ ಅಕೀ ನಿಮ್ಮ ಮಾರಿ ನೋಡ್ಕೋಂತ ಸಾಯಾಕತ್ತಾಳ್ರೀ ಯವ್ವಾ. ನಿಮ್ಮ ಮಾರಿ ನೋಡ್ಕೋಂತ!”

ಅತ್ತೆವ್ವ ಸಿದ್ದಿಯತ್ತ ನೋಡಿದರು. ಬಹಳ ಹೊತ್ತು ನೋಡಿದರು. ಅವರ ತುಟಿಯೂ ಒಡೆದಿತ್ತು. ಆಗ ನೋಡಿದೆ ನಾನು, ಅಲ್ಲಿಯವರೆಗೆ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೊರಳಿನಿಂದ ಕರಡಿಗೆ ತೆಗೆದರು. ಲಿಂಗ ಎಡ ಅಂಗೈಗೆ ಬಂತು. ನೀರಿಲ್ಲ. ಬರೀ ವಿಭೂತಿ ಹಚ್ಚಿದರು. ಗಂಟಿನಲ್ಲಿದ್ದ ಒಣ ಪತ್ರಿಯ ಎಸಳೊಂದನ್ನು ಏರಿಸಿದರು. ಕಣ್ಣು ಮುಚ್ಚಿ ಕುಳಿತರು. ಬಾಯಿ ಏನೋ ಅನ್ನುತ್ತಿತ್ತು, ಕೇಳಿಸಲಿಲ್ಲ. ಆಮೇಲೆ ಕರಡಿಗೆ ಮುಚ್ಚಿ, ಕೊರಳಿಗೆ ಹಾಕಿ, ಸೆರಗಿನಿಂದ ಅದನ್ನು ಪೂರಾ ಮರೆಮಾಡಿದರು.

“ದಿಲಾವರಾ, ಪಾನಿ,” ಅಂದರು.

ಅವನು ಪಖಾಲಿ ಹೊತ್ತು ಬಂದ. ಅತ್ತೆವ್ವ ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಚ್ಚಿಕೊಂಡರು. ಅವನು ಸುರಿದ. ಅವರು ಕುಡಿದರು. ಗುಟುಕು ಗುಟುಕಾಗಿ, ಸಿದ್ದಿಗೆ ಕಾಣುವ ಹಾಗೆ. ಗಂಟಲು ಮೇಲೆ ಕೆಳಗೆ ಆಡುವುದನ್ನು ನಾನು ನೋಡುತ್ತ ನಿಂತೆ.

ಸಿದ್ದಿ ತಲೆ ಎತ್ತಿದಳು. “ಆಯೀ… ಮತ್ತ ಲಿಂಗಪ್ಪಗ?”

“ಅವಗೇನ ನೀರಡಿಕಿ ಇಲ್ಲವಾ,” ಅಂದರು ಅತ್ತೆವ್ವ. “ನನಗಾಗೇತಿ. ನಿನಗಾಗೇತಿ. ಬಾ, ನನ್ನ ಬಂಗಾರಾ, ಕುಡಿ.”

ಅವರದೇ ಬೊಗಸೆಯಿಂದ ಕುಡಿದಳು. ಮತ್ತೆ ಕೇಳಿದಳು. ಮತ್ತೆ. ಇವರು ಬಿಕ್ಕಿ ಬಿಕ್ಕಿ ಅತ್ತರು, ಗಂಡಸು, ಒಂಟೆಯವನೆದುರು. ನಾನು ಅಳಲಿಲ್ಲ. ರೊಟ್ಟಿ ನೆನೆಸಿ, ಬೆಲ್ಲ ಹಚ್ಚಿ, ತುತ್ತು ಮಾಡಿ ಇಬ್ಬರ ಬಾಯಿಗೂ ಇಟ್ಟೆ. ಅತ್ತೆವ್ವನ ಕಾಲು ಮುಟ್ಟಲು ಹೋದರೆ ಕೈ ಸರಿಸಿದರು. “ಹೊತ್ತಾತು, ಒಂಟಿ ಏಳಸಂತ ಹೇಳು.”

೨೮ ಜನವರಿ

ಸಿದ್ದಿಯ ಜ್ವರ ಬಿಟ್ಟಿದೆ. ಒಂಟೆಯ ಮೇಲಿಂದ ಕಾಗೆ, ನವಿಲು, ಆಡು, ಕಂಡದ್ದನ್ನೆಲ್ಲ ಕೂಗಿ ಹೇಳುತ್ತಿದ್ದಾಳೆ. ಬೆಳಿಗ್ಗೆ ಇಬ್ಬರೂ ಒಣ ಪೂಜೆ ಮಾಡಿದರು, ಇಬ್ಬರೂ ನೀರು ಕುಡಿದರು. ಮುಗಿಯಿತು ಗಂಡಾಂತರ. ನಾನು ಮೊದಲೇ ಹೇಳಿದ್ದೆ, ನಾ ಇದ್ದೇನಿ ಅಂತ. ಇವರಿಗೆ ಹೇಳಿದರೆ ನಕ್ಕರು. ಮೂರು ದಿನದ ಮೇಲೆ ನಗು.

ಅತ್ತೆವ್ವ ಚೆನ್ನಾಗಿಯೇ ಉಂಡರು. ಮಾತು ಮಾತ್ರ ಕಡಿಮೆ. ಕರಡಿಗೆಯ ಮೇಲೆ ಕೈ ಇಟ್ಟುಕೊಂಡೇ ಇರುತ್ತಾರೆ, ಎಳೆಗೂಸಿನ ತಲೆ ಸವರಿದ ಹಾಗೆ. ದಣಿವು ಇರಬೇಕು.

ಸಂಜೆಯ ಬಿಸಿಲಲ್ಲಿ ದೂರದಿಂದ ಕೋಟೆ ಕಂಡಿತು. ಹಳದಿ. ಮರಳಿನದೇ ಬಣ್ಣ. ಎಲ್ಲರೂ ಹೋ ಎಂದು ಕೂಗಿದೆವು. ದಿಲಾವರ ಕೂಡ.

೨೯ ಜನವರಿ, ಜೈಸಲಮೇರ. ಕೆರೆಯ ಮೆಟ್ಟಿಲು

ಮಲಗೆದ್ದ ಕೂಡಲೇ ಅತ್ತೆವ್ವ ಕೇಳಿದ್ದು ಕೆರೆ ಎಲ್ಲಿ ಅಂತ. ಶೇಠಜಿಯ ಮನೆಯಲ್ಲಿ ಚಹಾ ತಂದಿಟ್ಟಿದ್ದರು, ಮುಟ್ಟಲಿಲ್ಲ. ಬುಟ್ಟಿ ಬಿಚ್ಚಿದ್ದರು, ಮುಕ್ಕಾಲು ಎಲೆ ಹಸಿರಾಗೇ ಇವೆ. ಮನೆಯವರೆಲ್ಲ ವಾಹ್ ವಾಹ್ ಅಂದರು. ಇವರು ಹೊಗಳಿಕೆಗೆ ನಿಲ್ಲದೆ ಹೊರಗೆ ಬಂದು ನಮ್ಮ ಜೊತೆ ನಡೆದರು.

ದೊಡ್ಡ ಕೆರೆ. ಕಲ್ಲಿನ ಮೆಟ್ಟಿಲು, ಕಲ್ಲಿನ ಮಂಟಪ. ಹೆಂಗಸರು ಹಿತ್ತಾಳೆಯ ಬಿಂದಿಗೆ ಅದ್ದಿ ತುಂಬಿಕೊಂಡು ತಲೆಯ ಮೇಲೆ ಹೊತ್ತು ಹೋಗುತ್ತಿದ್ದರು. ತೊಗಲಿಲ್ಲ, ಹಗ್ಗವಿಲ್ಲ. ಅತ್ತೆವ್ವ ಮೊಳಕಾಲು ನೀರಿಗೆ ಇಳಿದರು. ಲಿಂಗ ಅಂಗೈಗೆ ತೆಗೆದರು. ನಾನು ತಂಬಿಗೆಯಲ್ಲಿ ನೀರು ಎರೆದೆ.

“ಇನ್ನೊಂದು,” ಅಂದರು. ಎರೆದೆ.

“ಇನ್ನೊಂದು.”

ಮನೆಯಲ್ಲಾದರೆ ಒಂದು ತಂಬಿಗೆಯಲ್ಲಿ ಅವರ ಪೂಜೆಯೆಲ್ಲ ಮುಗಿದು ಪತ್ರಿ ಗಿಡಕ್ಕೂ ಉಳಿಯುತ್ತದೆ. ನಾನು ಎಷ್ಟು ಎರೆದೆನೋ. ನೀರು ಅವರ ಬೆರಳ ಸಂದಿಯಿಂದ ಇಳಿದು ಕೆರೆಗೇ ಸೇರುತ್ತಿತ್ತು. ಕೈ ಸೋತಿತು. “ಸಾಕಲ್ರೀ ಯವ್ವಾ?” ಅಂದೆ.

ಸಿದ್ದಿ ಎಲ್ಲಿ ಅಂತ ನೋಡಿದರು. ಅವಳು ಮೇಲೆ ಮಂಟಪದಲ್ಲಿ ಅಪ್ಪನ ಕೈ ಹಿಡಿದು ಪಾರಿವಾಳ ನೋಡುತ್ತಿದ್ದಳು. ಅತ್ತೆವ್ವ ನನ್ನ ಕಿವಿಗೆ ಬಗ್ಗಿದರು.

“ಕೂಸಿಗೆ ಸುಳ್ಳ ಹೇಳೇನಿ ಸರೋಜೀ. ಅವಗೂ ನೀರಡಿಕಿ ಆಗಿತ್ತ. ಅವನ್ನ ಮುಚ್ಚಿಟ್ಟು, ನಾ ಕುಡದೆ.”

ಮುಖ ಕಿವುಚಿ ಅತ್ತರು, ಸಪ್ಪಳ ಮಾಡದೆ. ಅಂಗೈ ಮಾತ್ರ ಅಲುಗಲಿಲ್ಲ. ತಂಬಿಗೆ ಅದ್ದಿದೆ, ಎರೆದೆ. ಅದ್ದಿದೆ, ಎರೆದೆ. ನಾನೂ ಅಳುತ್ತಿದ್ದೆ.

ಈಗ ಮೆಟ್ಟಿಲ ಮೇಲೆ ಕುಳಿತು ಇಷ್ಟು ಬರೆದೆ. ಅವರು ಇನ್ನೂ ನೀರಿನಲ್ಲೇ ನಿಂತಿದ್ದಾರೆ. ಈಚೆ ತಿರುಗಿದರು. ಕರೆಯುತ್ತಿದ್ದಾರೆ, ಇನ್ನೂ ಒಂದು ತಂಬಿಗೆ…